ಕಾಲಡಿಯ ಕಲ್ಲು ನೋಡಿ ಮನೆಯ ರೇಡಾನ್ ತಡೆಯುವುದು ಹೇಗೆ

ರೇಡಾನ್ ಒಂದು ವಿಕಿರಣಶೀಲ ಅನಿಲ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಲ್ಲು ಮಣ್ಣಿನಲ್ಲಿರುವ ಯುರೇನಿಯಂ ಕಾಲಕ್ರಮೇಣ ರೇಡಿಯಂ ಆಗುತ್ತದೆ, ಆ ರೇಡಿಯಂನಿಂದ ರೇಡಾನ್ ಹುಟ್ಟುತ್ತದೆ. ಬಯಲಿಗೆ ಬಂದರೆ ಗಾಳಿಯಲ್ಲಿ ಚದುರಿಹೋಗುತ್ತದೆ, ಮುಚ್ಚಿದ ಕೋಣೆಗೆ ನುಗ್ಗಿದರೆ ಅಲ್ಲೇ ಕೂಡಿಕೊಳ್ಳುತ್ತದೆ. ಅನೇಕ ದೇಶಗಳಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಬೀಡಿ ಸಿಗರೇಟಿನ ನಂತರದ ದೊಡ್ಡ ಕಾರಣ ಇದೇ. ಮನೆಯೊಳಗಿನ ದೀರ್ಘಕಾಲದ ಸರಾಸರಿ ಘನ ಮೀಟರಿಗೆ 100 ಬೆಕ್ವೆರೆಲ್ (ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಒಂದು ಬೆಕ್ವೆರೆಲ್) ಏರಿದಾಗಲೆಲ್ಲ ಈ ಅಪಾಯ ಸುಮಾರು ಶೇ 16ರಷ್ಟು ಹೆಚ್ಚುತ್ತದೆ. ಸೇದುವವರಲ್ಲಿ ಮೊದಲೇ ಅಪಾಯ ಹೆಚ್ಚಿರುವುದರಿಂದ ಹೊರೆಯೂ ಅವರಿಗೇ ಹೆಚ್ಚು. ಸರಾಸರಿ 100ರೊಳಗಿರಲಿ, ಅದು ಸಾಧ್ಯವಾಗದ ಕಡೆಯೂ 300 ದಾಟಬಾರದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು.

ಮೊದಲು ಕಲ್ಲು ಯಾವುದೆಂದು ತಿಳಿಯಿರಿ

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ಜಾಲತಾಣದಲ್ಲಿ ಭೂವಿಜ್ಞಾನ ನಕ್ಷೆಗಳಿವೆ. ನಿಮ್ಮ ಊರನ್ನು ಹುಡುಕಿ, ಸೈಟಿನ ಕೆಳಗೆ ಯಾವ ಶಿಲೆಯಿದೆ ಎಂದು ನೋಡಿಕೊಳ್ಳಿ. ಭೂಮಿಯ ಮೇಲ್ಪದರದಲ್ಲಿ ಯುರೇನಿಯಂ ಸರಾಸರಿ ಹತ್ತು ಲಕ್ಷಕ್ಕೆ ಸುಮಾರು 2.7 ಭಾಗ. ಗ್ರಾನೈಟಿನಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು, ಬಸಾಲ್ಟಿನಲ್ಲಿ ಒಂದರ ಆಸುಪಾಸು.

ಈ ಲೆಕ್ಕ ಹಿಡಿದು ಕರ್ನಾಟಕವನ್ನು ನೋಡಿದರೆ, ಮೊದಲು ಕಣ್ಣಿಗೆ ಬೀಳುವುದು ಕ್ಲೋಸ್‌ಪೇಟೆ ಗ್ರಾನೈಟು. ರಾಮನಗರದ ಹಳೆಯ ಹೆಸರೇ ಈ ಕಲ್ಲಿಗೂ ಬಂದಿದೆ. ಸುಮಾರು 250 ಕೋಟಿ ವರ್ಷ ಹಳೆಯದಾದ ಇದು ತೆಂಕಣದಿಂದ ಬಡಗಣಕ್ಕೆ ನೂರಾರು ಕಿಲೋಮೀಟರ್ ಉದ್ದಕ್ಕೆ ಪಟ್ಟಿಯಂತೆ ಹಾದುಹೋಗುತ್ತದೆ. ಸಾವನದುರ್ಗದ ಹೆಬ್ಬಂಡೆ ಅದರದೇ. ಪೊಟ್ಯಾಸಿಯಂ, ಯುರೇನಿಯಂ, ಥೋರಿಯಂ ಮೂರೂ ಇದರಲ್ಲಿ ಹೆಚ್ಚು. ಲಾಲ್‌ಬಾಗಿನ ಬಂಡೆಯಂಥ ಪಟ್ಟೆಪಟ್ಟೆಯ ನೈಸ್ (gneiss) ಶಿಲೆಯಲ್ಲಿ ಪ್ರಮಾಣ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಬೆಳಗಾವಿ, ವಿಜಯಪುರದ ಕಡೆಯ ಬಸಾಲ್ಟಿನಲ್ಲಿ, ಚಿತ್ರದುರ್ಗ ಪಟ್ಟಿಯ ಹಸಿರು ಶಿಲೆಗಳಲ್ಲಿ ಯುರೇನಿಯಂ ಕಡಿಮೆ. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ಅದಿರೇ ಪತ್ತೆಯಾಗಿದೆ, ಅಲ್ಲಿ ಸುಣ್ಣಕಲ್ಲನ್ನು ನೋಡಿ ನಿಶ್ಚಿಂತರಾಗುವಂತಿಲ್ಲ. ಉಳ್ಳಾಲದ ಕಡಲತೀರದ ಮರಳಿನಲ್ಲಿರುವುದು ಥೋರಿಯಂ ತುಂಬಿದ ಮೊನಜೈಟ್. ಅದರಿಂದ ಹೊರಡುವ, ರೇಡಾನಿನದೇ ಇನ್ನೊಂದು ರೂಪವಾದ ಥೋರಾನ್ ಒಂದೇ ನಿಮಿಷದೊಳಗೆ ಅರ್ಧಕ್ಕಿಳಿಯುವುದರಿಂದ ನೆಲದಾಳದಿಂದ ಮೇಲಕ್ಕೆ ಬರುವಷ್ಟು ಬಾಳುವುದಿಲ್ಲ. ಆ ಮರಳು ಗೋಡೆಯ ಗಾರೆಗೆ ಸೇರಿದರೆ ಮಾತ್ರ ಕೋಣೆಗೆ ತಲುಪುತ್ತದೆ.

ಕಲ್ಲಿಗಿಂತ ಬಿರುಕು ದೊಡ್ಡದು

ರೇಡಾನ್ ಅರ್ಧಕ್ಕಿಳಿಯಲು 3.8 ದಿನ ಬೇಕು. ಅಷ್ಟರಲ್ಲಿ ಅದು ಎಷ್ಟು ದೂರ ಹೋಗಬಲ್ಲದು ಎನ್ನುವುದು ಮಣ್ಣಿನ ಕೈಯಲ್ಲಿದೆ. ಒಣ ಗರಸಿನಲ್ಲಿ ತಾನಾಗಿಯೇ ಒಂದೆರಡು ಮೀಟರ್ ಹರಿಯುತ್ತದೆ. ನೀರು ತುಂಬಿದ ಜೇಡಿಮಣ್ಣಿನಲ್ಲಿ ಕೆಲವೇ ಸೆಂಟಿಮೀಟರ್. ಒಡೆದ ಬಂಡೆಯ ಸೀಳಿನಲ್ಲಾದರೆ ಇನ್ನೂ ದೂರದಿಂದ ಬರುತ್ತದೆ. ಹಾಗಾಗಿ ಯುರೇನಿಯಂ ಹೆಚ್ಚಿರುವ ಇಡಿ ಬಂಡೆಗಿಂತ, ಕಡಿಮೆಯಿದ್ದರೂ ಬಿರುಕುಬಿಟ್ಟ ಬಂಡೆ ಮನೆಗೆ ಹೆಚ್ಚು ರೇಡಾನ್ ಕಳಿಸಬಹುದು. ಎರೆಮಣ್ಣು ಮಳೆಗಾಲದಲ್ಲಿ ಮುಚ್ಚಳದಂತೆ ಕೂತಿದ್ದು ಬೇಸಿಗೆಯಲ್ಲಿ ಬಾಯಿಬಿಡುತ್ತದೆ. ಇನ್ನೊಂದು ಸಂಗತಿಯನ್ನು ಬಹಳ ಮಂದಿ ಗಮನಿಸುವುದಿಲ್ಲ. ಮಳೆಯಲ್ಲಿ ಅಂಗಳವೆಲ್ಲ ನೆನೆದಾಗ ಒಣಗಿರುವ ಮಣ್ಣೆಂದರೆ ಮನೆಯಡಿಯದೇ. ಅನಿಲಕ್ಕೆ ಆಗ ಉಳಿಯುವ ಸುಲಭದ ದಾರಿ ನಿಮ್ಮ ನೆಲಗಟ್ಟು.

ಸೈಟಿನಲ್ಲಿ ಪಾಯ ತೋಡುವ ದಿನ ಗುಂಡಿಗೆ ಇಳಿದು ನೋಡಿ. ಕೈಯಲ್ಲಿ ಪುಡಿಯಾಗುವ ಗರಸು, ಬಂಡೆಯಲ್ಲಿ ಒಂದೇ ದಿಕ್ಕಿಗೆ ಓಡುವ ಸೀಳುಗಳು, ಹತ್ತಿರದಲ್ಲೇ ನೀರು ಚೆನ್ನಾಗಿ ಸಿಕ್ಕ ಕೊಳವೆಬಾವಿ ಇವು ಕಂಡರೆ ಎಚ್ಚರ ವಹಿಸಬೇಕು. ನೀರು ಬರುವ ಸೀಳು, ಮೇಲ್ಭಾಗದಲ್ಲಿ ಒಣಗಿದ್ದರೆ, ಗಾಳಿ ಬರುವ ಸೀಳೂ ಹೌದು.

ಅಳೆಯುವ ಕ್ರಮ

ನಕ್ಷೆ ಹೇಳುವುದು ಅನುಮಾನವನ್ನಷ್ಟೇ. ಅಕ್ಕಪಕ್ಕದ ಎರಡು ಮನೆಗಳಲ್ಲಿ ಅಜಗಜಾಂತರವಿರಬಹುದು, ಹಾಗಾಗಿ ಪಕ್ಕದ ಮನೆಯ ಅಂಕಿ ನಿಮಗೆ ಸಲ್ಲದು. ಎಲೆಕ್ಟ್ರಾನಿಕ್ ರೇಡಾನ್ ಮೀಟರನ್ನೋ ವಿಕಿರಣದ ಗುರುತು ಹಿಡಿದಿಟ್ಟು ಪ್ರಯೋಗಾಲಯಕ್ಕೆ ಮರಳಿಸುವ ಆಲ್ಫಾ ಫಿಲ್ಮ್ ಡಬ್ಬಿಯನ್ನೋ ನೆಲಮಹಡಿಯ ಮಲಗುವ ಕೋಣೆಯಲ್ಲಿ ಇಡಿ. ನೆಲದಿಂದ ಅರ್ಧ ಮೀಟರ್ ಮೇಲೆ, ಕಿಟಕಿ ಬಾಗಿಲಿನಿಂದ ಒಂದು ಮೀಟರ್, ಗೋಡೆಯಿಂದ ಒಂದಡಿ ದೂರ ಇರಲಿ. ಗೋಡೆಗೆ ಒತ್ತಿ ಇಟ್ಟರೆ ಕೆಲವು ಉಪಕರಣಗಳಲ್ಲಿ ಥೋರಾನೂ ಸೇರಿ ಅಂಕಿ ಕೆಡುತ್ತದೆ. ಅಡುಗೆಮನೆ, ಬಚ್ಚಲು ಬೇಡ.

ಫಿಲ್ಮ್ ಕನಿಷ್ಠ 3 ತಿಂಗಳು ಇರಬೇಕು, ವರ್ಷವಿಡೀ ಇದ್ದರೆ ಇನ್ನೂ ಒಳ್ಳೆಯದು. ಮೀಟರಿನಲ್ಲಿ ಬೆಳಗಿನ ಜಾವ ಅಂಕಿ ಏರುವುದು, ಮಧ್ಯಾಹ್ನ ಇಳಿಯುವುದು ಸಹಜ. ಬೆಳಿಗ್ಗೆ 5 ಗಂಟೆಯ ಅಂಕಿ ನೋಡಿ ಗಾಬರಿಯಾಗುವುದೂ ತಪ್ಪು, ಮಧ್ಯಾಹ್ನದ್ದನ್ನು ನೋಡಿ ನಿರಾಳವಾಗುವುದೂ ತಪ್ಪು. ಸರಾಸರಿಯನ್ನೇ ನೋಡಿ. ಅಮೆರಿಕದಿಂದ ತಂದ ಮೀಟರ್ ಆದರೆ ಏಕಮಾನ ಪರೀಕ್ಷಿಸಿ. ಅಲ್ಲಿ ಲೀಟರಿಗೆ ಪಿಕೋಕ್ಯೂರಿ ಎಂದು ತೋರಿಸುತ್ತದೆ, ಅದನ್ನು 37ರಿಂದ ಗುಣಿಸಿದರೆ ಘನ ಮೀಟರಿಗೆ ಬೆಕ್ವೆರೆಲ್. ಪರದೆಯ ಮೇಲೆ ಬರೀ 4 ಕಂಡು ಸುಮ್ಮನಾದವರ ಮನೆಯಲ್ಲಿ ನಿಜಕ್ಕೂ ಇರುವುದು 148.

ಬೋರ್‌ವೆಲ್ ಮತ್ತು ಸಂಪು

ಗ್ರಾನೈಟಿನ ಕೊಳವೆಬಾವಿ ನೀರಿನಲ್ಲಿ ರೇಡಾನ್ ಕರಗಿರುತ್ತದೆ. ನೀರಿನಲ್ಲಿರುವುದರ ಹತ್ತು ಸಾವಿರದಲ್ಲೊಂದು ಭಾಗದಷ್ಟು ಮನೆಯ ಗಾಳಿಗೆ ಸೇರುತ್ತದೆ ಎಂಬುದು ರೂಢಿಯ ಲೆಕ್ಕ. ನೀರಿನಲ್ಲಿ ಲೀಟರಿಗೆ 100 ಬೆಕ್ವೆರೆಲ್, ಅಂದರೆ ಘನ ಮೀಟರಿಗೆ ಒಂದು ಲಕ್ಷ ಇದ್ದರೆ, ಗಾಳಿಯ ಘನ ಮೀಟರಿಗೆ ಸುಮಾರು 10 ಬಂದೀತು. ನೀರನ್ನು ನೇರ ನಲ್ಲಿಗೆ ಬಿಡದೆ ತಾರಸಿಯ ಟ್ಯಾಂಕಿಗೆ ಎತ್ತರದಿಂದ ಧುಮುಕುವಂತೆ ಬಿಡಿ, ಬಹುಪಾಲು ಅಲ್ಲೇ ಹಾರಿಹೋಗುತ್ತದೆ. ಬರೀ ಒಂದು ದಿನ ನಿಲ್ಲಿಸಿದರೆ ಕಡಿಮೆಯಾಗುವುದು ಶೇ 17 ಮಾತ್ರ.

ಬಾವಿಯ ಕೇಸಿಂಗ್ ಪೈಪು ಅಥವಾ ಸಂಪಿನ ಮುಚ್ಚಳ ಮನೆಯೊಳಗಿದ್ದರೆ ಅದನ್ನು ಹಗುರವಾಗಿ ಕಾಣಬೇಡಿ. ಕೇಸಿಂಗಿನ ಬಾಯಿ, ಮೋಟಾರಿನ ಕೇಬಲ್ ಇಳಿಯುವ ತೂತು ಎರಡನ್ನೂ ಮುಚ್ಚಿ. ಸಂಪಿನ ಮುಚ್ಚಳಕ್ಕೆ ರಬ್ಬರ್ ಅಂಚು ಕೂರಿಸಿ, ಒಳಗಿನ ಗಾಳಿಗೆ ಮನೆಯ ಹೊರಕ್ಕೆ ಒಂದು ಪೈಪು ಕೊಡಿ.

ಹಳೆಯ ಮನೆಯಲ್ಲಿ

ಮಣ್ಣಿನೊಳಗಿನ ಗಾಳಿಯಲ್ಲಿ ಸಾವಿರಾರು, ಹತ್ತಾರು ಸಾವಿರ ಬೆಕ್ವೆರೆಲ್ ಇರುತ್ತದೆ. ಅದನ್ನು ಒಳಕ್ಕೆಳೆಯಲು ಕೆಲವೇ ಪಾಸ್ಕಲ್‌ಗಳ ಒತ್ತಡ ವ್ಯತ್ಯಾಸ ಸಾಕು. ಕಿಟಕಿ ಮುಚ್ಚಿ ಅಡುಗೆಮನೆಯ ಚಿಮಣಿ ಓಡಿಸಿದರೆ ಇದೇ ಆಗುತ್ತದೆ, ಚಿಮಣಿ ಹಾಕುವಾಗ ಒಂದು ಕಿಟಕಿ ತೆರೆದಿಡಿ. ಎಸಿ ಹಾಕಿ ರಾತ್ರಿಯಿಡೀ ಮುಚ್ಚಿದ ಕೋಣೆಗೂ ಹೊಸ ಗಾಳಿಯ ದಾರಿ ಬೇಕು.

ಆಮೇಲೆ ತೂತುಗಳನ್ನು ಹುಡುಕಿ. ನೆಲ ಗೋಡೆ ಸೇರುವ ಸಂದು, ಪೈಪು ನೆಲ ಹೊಕ್ಕ ಜಾಗ, ಗೆದ್ದಲು ಔಷಧಿಗೆಂದು ಗೋಡೆಯುದ್ದಕ್ಕೂ ಕೊರೆದು ಬಿಳಿ ಸಿಮೆಂಟ್ ಒತ್ತಿದ ರಂಧ್ರಗಳು. ಆ ಬಿಳಿ ಸಿಮೆಂಟ್ ಕುಗ್ಗಿ ಸುತ್ತ ಕೂದಲೆಳೆಯ ಸಂದು ಬಿಟ್ಟಿರುತ್ತದೆ. ಕೆರೆದು ತೆಗೆದು ಪಾಲಿಯುರೆಥೇನ್ ಸೀಲಂಟ್ ತುಂಬಿ. ತೂತು ಮುಚ್ಚಿದ ಮಾತ್ರಕ್ಕೆ ಅಂಕಿ ಸಾಕಷ್ಟು ಇಳಿಯುವುದು ಅಪರೂಪ, ಆದರೆ ಮುಂದಿನ ಕೆಲಸಕ್ಕೆ ಇದೇ ತಳಹದಿ.

ಮುಂದಿನ ಕೆಲಸ ನೆಲದಡಿಯ ಗಾಳಿ ಹೀರುವುದು. ಮೂಲೆಯಲ್ಲಿ ನೆಲವನ್ನು ಕೋರ್ ಕಟ್ ಮಾಡಿಸಿ, ಅಡಿಯಿಂದ ಎರಡು ಬಕೆಟ್ ಮಣ್ಣು ತೆಗೆದು ಗೂಡು ಮಾಡಿ, 4 ಇಂಚಿನ ಪಿವಿಸಿ ಪೈಪನ್ನು ತಾರಸಿಯ ಮೇಲಕ್ಕೆ ಒಯ್ಯಿರಿ. ಫ್ಯಾನು ತಾರಸಿಯಲ್ಲೇ ಇರಬೇಕು. ಮನೆಯೊಳಗಿಟ್ಟರೆ ಫ್ಯಾನಿನ ಮುಂದಿನ ಪೈಪಿನಲ್ಲಿ ಸಣ್ಣ ಸೋರಿಕೆಯಿದ್ದರೂ ರೇಡಾನನ್ನು ಕೋಣೆಗೇ ಊದಿದಂತೆ. ಪೈಪಿನ ಬಾಯಿ ಕಿಟಕಿಗಳಿಂದ 3 ಮೀಟರ್ ದೂರವಿರಲಿ.

ಎಳೆತ ಎಲ್ಲಿಯವರೆಗೆ ತಲುಪಿದೆ ಎಂದು ತಿಳಿಯಲು ಕೋಣೆಯ ಆಚೆ ಮೂಲೆಯಲ್ಲಿ 10 ಮಿಲಿಮೀಟರಿನ ತೂತು ಕೊರೆದು ಊದುಬತ್ತಿ ಹಿಡಿಯಿರಿ. ಹೊಗೆ ಬಾಗಿ ತೂತಿನೊಳಕ್ಕೆ ಇಳಿದರೆ ಕೆಲಸವಾಗಿದೆ. ನೆಟ್ಟಗೆ ಮೇಲೇರಿದರೆ ಅಡಿಯ ಮಣ್ಣು ಗಟ್ಟಿ, ಇಲ್ಲವೇ ನಡುವೆ ಪ್ಲಿಂತ್ ಬೀಮ್ (ಪಾಯದ ಮೇಲಿನ ಕಾಂಕ್ರೀಟ್ ತೊಲೆ) ಅಡ್ಡವಿದೆ. ನಮ್ಮ ಮನೆಗಳಲ್ಲಿ ಎರಡನೆಯದೇ ಸಾಮಾನ್ಯ. ಬೀಮುಗಳು ನೆಲದಡಿಯನ್ನು ಡಬ್ಬಿ ಡಬ್ಬಿಯಾಗಿ ಭಾಗ ಮಾಡಿರುತ್ತವೆ, ಆಗ ಆ ಭಾಗಕ್ಕೆ ಬೇರೆ ಗೂಡೇ ಬೇಕು. ಪರೀಕ್ಷೆ ಮುಗಿದ ಮೇಲೆ ತೂತು ಮುಚ್ಚುವುದನ್ನು ಮರೆಯಬೇಡಿ.

ಹೊಸ ಮನೆಯಾದರೆ

ಪ್ಲಿಂತ್ ಮಣ್ಣು ತುಂಬಿದ ಮೇಲೆ ಪುಡಿಯಿಲ್ಲದ 20 ಮಿಲಿಮೀಟರ್ ಜಲ್ಲಿಯನ್ನು 4 ಇಂಚು ಹರಡಿಸಿ, ಅದರೊಳಗೆ ತೂತು ಕೊರೆದ ಪಿವಿಸಿ ಪೈಪು ಮಲಗಿಸಿ. ಬೀಮುಗಳಲ್ಲಿ ಮೊದಲೇ ಪೈಪು ಹಾಯಲು ತೂತು ಬಿಟ್ಟಿರಬೇಕು. ಮೇಲೆ 600 ಗೇಜ್ ಪಾಲಿಥೀನ್ ಹಾಳೆ, ಒಂದರ ಮೇಲೊಂದು ಒಂದಡಿ ಬರುವಂತೆ, ಟೇಪ್ ಹಚ್ಚಿ. ಆಮೇಲೆ ಕಾಂಕ್ರೀಟು. ಕೆಡುವುದು ಇಲ್ಲೇ: ಸಲಾಕೆ, ಬಾಣಲೆ ಎಳೆದು ಹಾಳೆ ಹರಿಯುತ್ತದೆ, ಹರಿದಲ್ಲಿ ಸಿಮೆಂಟ್ ಹಾಲು ಇಳಿದು ಜಲ್ಲಿ ಗಟ್ಟಿಯಾಗುತ್ತದೆ. ಕಾಂಕ್ರೀಟ್ ಸುರಿಯುವ ಮುನ್ನ ಹಾಳೆಯ ಮೇಲೆ ಬರಿಗಾಲಿನಲ್ಲಿ ಓಡಾಡಿ ಹರಿದ ಜಾಗಗಳಿಗೆ ಟೇಪ್ ಹಾಕಿಸಿ. ತಾರಸಿಗೆ ಹೋಗುವ ಪೈಪಿನ ಮೇಲೆ ಪ್ರತಿ ಮಹಡಿಯಲ್ಲೂ ‘ರೇಡಾನ್’ ಎಂದು ಬಣ್ಣದಲ್ಲಿ ಬರೆಸಿ. ಇಲ್ಲದಿದ್ದರೆ ಪ್ಲಂಬರ್ ಅದನ್ನು ಕೊಳಚೆ ಪೈಪೆಂದುಕೊಂಡು ಬಚ್ಚಲ ನೀರು ಸೇರಿಸಿಬಿಡುತ್ತಾನೆ.

ಮನೆಯಲ್ಲಿ ವಾಸ ಶುರುವಾದ ಮೇಲೆ 3 ತಿಂಗಳು ಅಳೆದು ನೋಡಿ. ಸರಾಸರಿ 100ರೊಳಗಿದ್ದರೆ ಪೈಪು ಹಾಗೆಯೇ ಇರಲಿ, ದಾಟಿದರೆ ತಾರಸಿಯಲ್ಲಿ ಫ್ಯಾನು ಕೂರಿಸಿ. ಫ್ಯಾನು ಹಾಕಿದ ಮನೆಯಲ್ಲಿ ಪೈಪಿಗೆ ಬಣ್ಣದ ನೀರಿನ ಯು ಆಕಾರದ ಕೊಳವೆ ಸಿಕ್ಕಿಸಿರಬೇಕು. ಎರಡು ತೋಳುಗಳ ನೀರು ಒಂದೇ ಮಟ್ಟಕ್ಕೆ ಬಂದ ದಿನ ಫ್ಯಾನು ನಿಂತಿದೆ ಎಂದು ಅರ್ಥ.