ಹಂಟರ್ ಪೈಲಟ್ ಬೊಂಬೆಗೆ ಉಡುಪು ತೊಡಿಸುವ ಮುನ್ನ

ವಾಯುಪಡೆಯ ಸೇಫ್ಟಿ ಇಕ್ವಿಪ್‌ಮೆಂಟ್ ಸೆಕ್ಷನ್ನಿನಲ್ಲಿ 20 ವರ್ಷ ಪೈಲಟ್‌ಗಳ ಹೆಲ್ಮೆಟ್, ಆಕ್ಸಿಜನ್ ಮಾಸ್ಕ್, ಕಾಲು-ಹೊಟ್ಟೆ ಬಿಗಿಹಿಡಿಯುವ ಜಿ-ಸೂಟ್ ನೋಡಿಕೊಂಡವನು ನಾನು. ಬೆಳಿಗ್ಗೆ ಪರೀಕ್ಷಿಸಿ ಗೂಟಕ್ಕೆ ಹಾಕಿದ ಮಾಸ್ಕ್ ಸಂಜೆ ಬೆವರಲ್ಲಿ ನೆನೆದು ವಾಪಸ್ ಬಂದರೆ ನಮಗೆ ಸಮಾಧಾನ. ಅದಕ್ಕೇ ಮ್ಯೂಸಿಯಮ್ಮಿನ ಗಾಜಿನ ಹಿಂದೆ ಬೊಂಬೆಗೆ ಇವನ್ನೆಲ್ಲ ಅಡ್ಡಾದಿಡ್ಡಿ ತೊಡಿಸಿರುವುದನ್ನು ಕಂಡರೆ ಸಂಕಟವಾಗುತ್ತದೆ.

ಮೊದಲು ಒಂದು ದಿನ, ಒಂದು ಜಾಗ, ಒಂದು ವಿಮಾನ ಗೊತ್ತು ಮಾಡಿಕೊಳ್ಳಿ. ‘1971ರ ಭಾರತ-ಪಾಕ್ ಯುದ್ಧದ ಪೈಲಟ್’ ಎಂದರೆ ಸಾಲದು. 1971ರ ಡಿಸೆಂಬರ್ 5, ಜೈಸಲ್ಮೇರ್ ವಾಯುನೆಲೆ, ಪಾಕ್ ಟ್ಯಾಂಕುಗಳು ನುಗ್ಗಿದ್ದ ಲೋಂಗೇವಾಲಾ ಕಡೆ ಹೊರಟ ಹಂಟರ್ ಯುದ್ಧವಿಮಾನದ ಪೈಲಟ್ ಎನ್ನಿ. ಹಂಟರ್‌ಗೆ ರಾತ್ರಿ ದಾಳಿಯ ಸಲಕರಣೆ ಇರಲಿಲ್ಲ, ಬೆಳಕು ಹರಿಯುವ ತನಕ ಕಾಯಬೇಕಾಯಿತು. ಅಂದರೆ ನಿಮ್ಮ ಬೊಂಬೆ ನಿಂತಿರುವುದು ಮರುಭೂಮಿಯ ಚಳಿಯ ನಸುಕಿನಲ್ಲಿ. ಓವರಾಲ್‌ನ, ಅಂದರೆ ಮೈಗೆಲ್ಲ ಒಂದೇ ತುಂಡಾಗಿರುವ ಹಾರಾಟದ ಉಡುಪಿನ, ತೋಳು ಮಡಚಬೇಡಿ. ಚಳಿ ಇಲ್ಲದಿದ್ದರೂ ಮಡಚುವಂತಿಲ್ಲ. ಬೆಂಕಿ ಬಿದ್ದಾಗ ಕೈ ಉಳಿಸುವುದು ಆ ತೋಳು.

ಹಂಟರ್ ಬ್ರಿಟಿಷ್ ವಿಮಾನ, ಸಲಕರಣೆಯೂ ಬ್ರಿಟಿಷ್ ಮಾದರಿಯದ್ದು. ತಲೆಗೆ ಮೊದಲು ಇಯರ್‌ಫೋನ್ ಇರುವ ಬಟ್ಟೆಯ ಒಳ ಟೋಪಿ, ಅದರ ಮೇಲೆ ಗಟ್ಟಿ ಚಿಪ್ಪು. ಅದೇ ಯುದ್ಧದ ಮಿಗ್-21 ಪೈಲಟ್‌ನದ್ದು ರಷ್ಯನ್ ಮಾದರಿ. ಎರಡನ್ನೂ ಬೆರೆಸಿದರೆ ಕೆಲಸ ಕೆಟ್ಟಂತೆ. ಇಂಥ ಸಲಕರಣೆ ರೂಪಿಸುವ ಬೆಂಗಳೂರಿನ ಡಿಆರ್‌ಡಿಒ ಪ್ರಯೋಗಾಲಯ ಡೆಬೆಲ್ ಶುರುವಾದದ್ದೇ 1982ರಲ್ಲಿ. ಆ ಹೆಸರಿನ ಚೀಟಿ ಇರುವ ಮಾಸ್ಕ್ ಎಷ್ಟೇ ಚೆನ್ನಾಗಿರಲಿ, ಈ ಬೊಂಬೆಗೆ ಬೇಡ. ವೆಲ್ಕ್ರೋ ಅಂಟಿಸಿದ ಸ್ಕ್ವಾಡ್ರನ್ ಪ್ಯಾಚ್ ಬೇಡ. ಓವರಾಲ್ ಮೇಲೆ ಪದಕವಂತೂ ಬೇಡವೇ ಬೇಡ. ಪ್ರತಿ ವಸ್ತುವನ್ನೂ ತಿರುಗಿಸಿ ಒಳಗಿನ ಚೀಟಿ ಓದಿ. ಬ್ರಿಟಿಷ್ ಹಾರಾಟದ ಉಡುಪಿನ ಸ್ಟೋರ್ ನಂಬರು 22ಸಿ ಎಂದು ಶುರುವಾಗುತ್ತದೆ. ಅನುಮಾನ ಬಂದರೆ ಅದೇ ನೆಲೆಯ, ಅದೇ ತಿಂಗಳ ಫೋಟೊ ಹುಡುಕಿ.

ತೊಡಿಸುವ ಮೊದಲು ಇನ್ನೊಂದು ಕೆಲಸ ಇದೆ, ಮರೆಯಬೇಡಿ. ಒಂದು ಸಣ್ಣ ಮ್ಯೂಸಿಯಮ್ಮಿಗೆ ನೆರವಾಗಲು ಹೋಗಿದ್ದೆ. ಯಾರೋ ದಾನ ಕೊಟ್ಟಿದ್ದ ಲೈಫ್ ಜಾಕೆಟ್ಟನ್ನು ಅಲ್ಲಿನ ಹುಡುಗ ಬೊಂಬೆಯ ಕೊರಳಿಗೆ ಏರಿಸುತ್ತಿದ್ದ. ಜಾಕೆಟ್ ಉಬ್ಬಿಸುವ ಗುಂಡಿಗೆ ಬೆರಳು ಸಿಕ್ಕಿ ಎಳೆದುಹೋಯಿತು. ಒಳಗಿನ ಸಿಲಿಂಡರಿನಲ್ಲಿ ಗ್ಯಾಸ್ ಇನ್ನೂ ಇತ್ತು! ಜಾಕೆಟ್ ಬುಸ್ಸೆಂದು ಉಬ್ಬಿ, ಹಳೆಯ ರಬ್ಬರು ಹೊಲಿಗೆಗುಂಟ ಸೀಳಿತು. ಹುಡುಗನಿಗೆ ಏನೂ ಆಗಲಿಲ್ಲ, ಜಾಕೆಟ್ ಮಾತ್ರ ಮತ್ತೆ ಸಿಗುವಂಥದ್ದಲ್ಲ. ಬಾಗಿಲಲ್ಲೇ ತಡೆದು ಸಿಲಿಂಡರ್ ನೋಡಬೇಕಿದ್ದವನು ನಾನು. ಸಿಲಿಂಡರ್, ಸರ್ವೈವಲ್ ಪ್ಯಾಕಿನ ಫ್ಲೇರ್ (ಸಂಕೇತದ ಬೆಂಕಿ), ಪೈಲಟ್‌ನನ್ನು ವಿಮಾನದಿಂದ ಹೊರಕ್ಕೆಸೆಯುವ ಇಜೆಕ್ಷನ್ ಸೀಟಿನ ಸಿಡಿಮದ್ದಿನ ಕಾರ್ಟ್ರಿಜ್, ಇವನ್ನು ತಿಳಿದವರಿಂದ ತೆಗೆಸದೆ ಮುಟ್ಟಬೇಡಿ.

ಹೆಚ್ಚು ಜನ ಸೋಲುವುದು ಜಿ-ಸೂಟಿನಲ್ಲಿ. ಪೈಜಾಮದಂತೆ ಜೋಲುವ ಹಾಗೆ ತೊಡಿಸುತ್ತಾರೆ. ಅದರೊಳಗೆ ಐದು ಗಾಳಿಚೀಲ: ಹೊಟ್ಟೆಗೆ ಒಂದು, ತೊಡೆಗೆ ಎರಡು, ಮೀನಖಂಡಕ್ಕೆ ಎರಡು. ವಿಮಾನ ಬಿಗಿಯಾಗಿ ತಿರುಗುವಾಗ ಇವು ಉಬ್ಬಿ ರಕ್ತ ಕಾಲಿಗೆ ಇಳಿಯದಂತೆ ಒತ್ತಿ ಹಿಡಿಯಬೇಕು. ಸಡಿಲವಿದ್ದರೆ ಪೈಲಟ್‌ಗೆ ಕಣ್ಣು ಕತ್ತಲಿಡುತ್ತದೆ. ಬೊಂಬೆಯ ತೊಡೆ ಸಣಕಲಾಗಿದ್ದರೆ ಹತ್ತಿಬಟ್ಟೆ ಸುತ್ತಿ ದಪ್ಪ ಮಾಡಿ, ಜಿಪ್ ಹಾಕಿ, ಲಾಡಿಯನ್ನು ಕೆಳಗಿನಿಂದ ಮೇಲಕ್ಕೆ ಬಿಗಿಯುತ್ತ ಬನ್ನಿ. ಅಂಗೈ ಒಳಗೆ ತೂರಿದರೆ ಸಲೀಸಾಗಿ ಹೋಗಬಾರದು. ಗಾಳಿಕೊಳವೆ ಎಡಗಡೆ ಬರಲಿ. ಮೊಣಕಾಲ ಕೆಳಗೆ ಕಾಲುಪಟ್ಟಿ ಕಟ್ಟಿ. ಇಜೆಕ್ಟ್ ಆಗುವಾಗ ಸೀಟು ಇದನ್ನೇ ಹಿಡಿದು ಕಾಲುಗಳನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಬೂಟು ಎನ್‌ಸಿಸಿ ಹುಡುಗರ ಮೊಳೆಬೂಟು ಆಗದಿರಲಿ.

ಬೊಂಬೆ ಬಟ್ಟೆಯಂಗಡಿಯದಾದರೆ ಬೆರಳುಗಳು ನೃತ್ಯಕ್ಕೆ ನಿಂತಂತಿರುತ್ತವೆ. ಕೈಗವಸು ಹಾಕಿ, ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿಸಿ. ತಲೆಗೇ ಹಾಕುವುದಾದರೆ ಮಾಸ್ಕಿನ ಒಂದು ಬದಿ ಬಿಚ್ಚಿ ಕೆನ್ನೆಯ ಪಕ್ಕ ತೂಗಬಿಡಿ, ನೆಲದ ಮೇಲೆ ಓಡಾಡುವಾಗ ಅವರು ಇರುತ್ತಿದ್ದುದೇ ಹಾಗೆ. ಮಾಸಿದ ಕಾಲರು, ಬೆವರಿನ ಕಲೆ ಒಗೆಯಬೇಡಿ.

ಅಸಲಿ ಚರ್ಮಕ್ಕೆ ಬೂಟ್ ಪಾಲಿಶ್, ಕೊಬ್ಬರಿ ಎಣ್ಣೆ ಯಾವುದೂ ಬೇಡ. ಮೆತ್ತನೆ ಬ್ರಷ್ಷಿನಲ್ಲಿ ಧೂಳು ತೆಗೆದರೆ ಸಾಕು. ರಬ್ಬರಿಗೆ ಹಿತ್ತಾಳೆ, ತಾಮ್ರ ತಾಗಿದರೆ ಬೇಗ ಹಾಳಾಗುತ್ತದೆ, ನಡುವೆ ಆಮ್ಲರಹಿತ ಕಾಗದ ಇಡಿ. ಬೆಳಕು 50 ಲಕ್ಸ್ ಮೀರದಿರಲಿ. ಮಡಿಕೇರಿ, ಸಕಲೇಶಪುರದಂಥ ಊರಾದರೆ ಮೇ ಮುಗಿಯುವ ಮೊದಲೇ ಪೆಟ್ಟಿಗೆಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಹಾಕಿ, ಮಳೆಗಾಲದುದ್ದಕ್ಕೂ ವಾರಕ್ಕೊಮ್ಮೆ ಮಾಸ್ಕಿನ ಮಡಿಕೆಗಳಿಗೆ ಟಾರ್ಚ್ ಬಿಟ್ಟು ನೋಡಿ. ಬಿಳಿ ಪುಡಿ ಕಂಡ ಕೂಡಲೇ ಉಜ್ಜಬೇಡಿ. ನಾವು ರಬ್ಬರಿಗೆ ಸವರುತ್ತಿದ್ದ ಫ್ರೆಂಚ್ ಚಾಕ್ (ಟಾಲ್ಕ್ ಪುಡಿ) ಆಗಿದ್ದರೆ ಅದು ಹಾಗೇ ಇರಲಿ. ಬೂಷ್ಟಾದರೆ ಆ ಮಾಸ್ಕನ್ನು ಬೇರೆ ಇಟ್ಟು, ಸಂರಕ್ಷಣೆ ಬಲ್ಲವರನ್ನು ಕರೆಸಿ. ಅದು ವಾಪಸ್ ಬರುವ ತನಕ ನಕಲಿ ಮಾಸ್ಕ್ ತೂಗಿಸಬಹುದು, ‘ಇದು ನಕಲು’ ಎಂದು ಕೆಳಗಿನ ಫಲಕದಲ್ಲಿ ಬರೆದು.