36 ನಾಟ್ ಯಾಕೆ ಬೇಡ: ಕಾಗದದ ಮೇಲೆ ಒಂದು ಲೈಟ್ ಕ್ರೂಸರ್ ಕಟ್ಟುವುದು

ನಾನು ಮಲ್ಪೆಯ ಒಂದು ಬೋಟ್ ಯಾರ್ಡಿನಲ್ಲಿ ಎಸ್ಟಿಮೇಟ್ ಬರೆಯುವವಳು. ಉಕ್ಕು ಎಷ್ಟು, ಎಂಜಿನ್ ಎಷ್ಟು, ವಿಂಚ್ ಎಷ್ಟು ಅಂತ ಕೂಡಿಸುವುದೇ ನನ್ನ ಕೆಲಸ. ಭಾನುವಾರ ಅದೇ ಕ್ಯಾಲ್ಕುಲೇಟರ್ ಹಿಡಿದು ಇಲ್ಲದ ದೇಶಕ್ಕೆ ಯುದ್ಧನೌಕೆ ಕಟ್ಟುತ್ತೇನೆ. ಈ ಸಲ ಲೈಟ್ ಕ್ರೂಸರ್, ಅಂದರೆ ಚಿಕ್ಕ ಡಿಸ್ಟ್ರಾಯರಿಗಿಂತ ದೊಡ್ಡದಾದ, ಭಾರೀ ಯುದ್ಧನೌಕೆಗಳಿಗಿಂತ ಚಿಕ್ಕದಾದ ವೇಗದ ಹಡಗು. ಈ ಚಟ ಹಿಡಿಸಿದ್ದು ನನ್ನ ಅಕ್ಕನ ಮಗ. ಅವನ ಕಲ್ಪನೆಯ ದೇಶದ ಹೆಸರು ಪಡುರಾಜ್ಯ. ಕಾಲ 1935ರ ಆಸುಪಾಸು. ಅವನು ಬರೆದು ತರುವ ಮೊದಲ ಸಾಲು ಯಾವಾಗಲೂ ಒಂದೇ: "ವೇಗ 38 ನಾಟ್." (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್.) ಕೆಳಗೆ ದಪ್ಪ ಕವಚ, ಹದಿನೈದು ಫಿರಂಗಿ, ಎಲ್ಲ ಉಂಟು. ಹಣದ ಸಾಲು ಮಾತ್ರ ಇರುವುದಿಲ್ಲ.

ನಾನು ಹಣದಿಂದಲೇ ಶುರು ಮಾಡುತ್ತೇನೆ. ಆ ಕಾಲದ ದೇಶಗಳೂ ಒಂದು ರೀತಿಯಲ್ಲಿ ಹಾಗೇ ಮಾಡಿದ್ದವು. ಯುದ್ಧನೌಕೆಗಳಿಗೆ ಮಿತಿ ಹಾಕಿದ 1930ರ ಲಂಡನ್ ಒಪ್ಪಂದದ ಪ್ರಕಾರ ಲೈಟ್ ಕ್ರೂಸರಿನ ಫಿರಂಗಿಯ ಬಾಯಿ 6.1 ಇಂಚು ದಾಟುವ ಹಾಗಿರಲಿಲ್ಲ. ಒಂದು ಹಡಗು 10,000 ಟನ್ ಮೀರುವ ಹಾಗಿರಲಿಲ್ಲ. ಇದಕ್ಕಿಂತ ಮುಖ್ಯವಾದದ್ದು ಒಟ್ಟು ಟನ್ನಿನ ಮಿತಿ. ಬ್ರಿಟನ್ನಿಗೆ ಎಲ್ಲ ಲೈಟ್ ಕ್ರೂಸರ್ ಸೇರಿ 192,200 ಟನ್ ಸಿಕ್ಕಿತು. ಕಾಯಬೇಕಾದ ಸಮುದ್ರ ಅರ್ಧ ಜಗತ್ತಿನಷ್ಟು. ಅದಕ್ಕೇ ಅವರು ಒಂದೊಂದು ಹಡಗನ್ನು ಚಿಕ್ಕದಾಗಿಸಿ ಸಂಖ್ಯೆ ಹೆಚ್ಚಿಸಲು ಒದ್ದಾಡಿದರು.

ಪಡುರಾಜ್ಯಕ್ಕೆ ನಾನು ಕೊಟ್ಟದ್ದು 28,000 ಟನ್. 10,000 ಟನ್ನಿನ ಹಡಗಾದರೆ ಎರಡು ಕಟ್ಟಿ ಮೂರನೆಯದಕ್ಕೆ ಸಾಲುವುದಿಲ್ಲ. 7,000 ಟನ್ನಿನದ್ದಾದರೆ ನಾಲ್ಕು. ಯಾವಾಗಲೂ ಒಂದು ಹಡಗು ರಿಪೇರಿಗೆ ಡಾಕಿನಲ್ಲಿರುತ್ತದೆ, ಇದು ಟ್ರಾಲ್ ಬೋಟಿನ ಧಣಿಗಳಿಗೂ ಗೊತ್ತಿರುವ ಸಂಗತಿ. ನಾಲ್ಕಿದ್ದರೆ ಮೂರಾದರೂ ನೀರಿನಲ್ಲಿರುತ್ತವೆ. ಆಯ್ತು, 7,000.

ಎರಡನೆಯ ಪ್ರಶ್ನೆ: ಈ ಹಡಗಿಗೆ ಎಂತ ಕೆಲಸ? ಇದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಬರೆಯಲು ಆಗದಿದ್ದರೆ ಮುಂದೆ ಹೋಗಬೇಡಿ. ನಮ್ಮ ವಾಕ್ಯ ಇದು: "ಕರಾವಳಿಗೂ ದೂರದ ದ್ವೀಪಗಳಿಗೂ ನಡುವೆ ಓಡಾಡುವ ಸರಕು ಹಡಗುಗಳನ್ನು ಕಾಯಬೇಕು, ಡಿಸ್ಟ್ರಾಯರ್ ಬಂದರೆ ಹೊಡೆಯಬೇಕು, ಸಮನಾದ ಕ್ರೂಸರ್ ಬಂದರೆ ನಿಲ್ಲಬೇಕು, ದೊಡ್ಡದು ಬಂದರೆ ತಪ್ಪಿಸಿಕೊಳ್ಳಬೇಕು." ಯಾರ ಜೊತೆ ಕಾದಾಡಬಾರದು ಎನ್ನುವ ಆ ಕೊನೆಯ ತುಂಡೇ ಇದರಲ್ಲಿ ಬೆಲೆಬಾಳುವಂಥದ್ದು. ದೊಡ್ಡ ಕ್ರೂಸರುಗಳ 8 ಇಂಚಿನ ಗುಂಡು ತಡೆಯುವ ಕವಚ ನಮಗೆ ಬೇಡ ಅಂತ ಅದು ಈಗಲೇ ಹೇಳಿಬಿಟ್ಟಿತು.

ಕೆಲಸ ಬೇರೆಯಾದರೆ ಹಡಗೇ ಬೇರೆ. 1914ರ ಸೆಪ್ಟೆಂಬರಿನಲ್ಲಿ ಮದ್ರಾಸಿಗೆ ಗುಂಡು ಹಾರಿಸಿದ ಜರ್ಮನಿಯ ಎಂಡೆನ್ ಕೂಡ ಲೈಟ್ ಕ್ರೂಸರೇ. ಮರುತಿಂಗಳು ಅದು ನಮ್ಮ ಪಡುವಣ ಕಡಲಿನ ಮಿನಿಕಾಯ್ ಸುತ್ತ ಸರಕು ಹಡಗು ಹಿಡಿಯುತ್ತಿತ್ತು. ಅಂಥ ಬೇಟೆಗಾರ ಹಡಗಿಗೆ ಕಲ್ಲಿದ್ದಲು ತುಂಬಾ ದೂರ ಬರಬೇಕು, ಮತ್ತೇನೂ ಅಷ್ಟು ಮುಖ್ಯವಲ್ಲ. ತನಗಿಂತ ದೊಡ್ಡ ಫಿರಂಗಿಯ, ತನಗಿಂತ ವೇಗದ ಆಸ್ಟ್ರೇಲಿಯಾದ ಕ್ರೂಸರ್ ಸಿಡ್ನಿ ಎದುರಾದ ದಿನವೇ ಅದರ ಕತೆ ಮುಗಿಯಿತು.

ಈಗ ತೂಕ ಹಂಚೋಣ. 7,000 ಟನ್ನಿನಲ್ಲಿ ನನ್ನ ಅಂದಾಜು ಹೀಗೆ: ಒಡಲು 3,250, ಯಂತ್ರ 1,420, ಫಿರಂಗಿ ಮತ್ತು ಮದ್ದುಗುಂಡು 950, ಕವಚ 900, ಉಳಿದ ಸಾಮಾನು 380, ಕೈಯಲ್ಲಿ ಉಳಿಸಿಕೊಳ್ಳಲು 100. ಒಡಲಿನ ತೂಕ ಕಡಿಮೆ ಮಾಡಲು ಹೋಗಬೇಡಿ. ಜಪಾನಿನವರು ಮೊಗಾಮಿಯಲ್ಲಿ ಹಾಗೆ ಮಾಡಿದರು. ಹದಿನೈದು ಫಿರಂಗಿ, 37 ನಾಟ್, ತೂಕ ಉಳಿಸಲು ವೆಲ್ಡಿಂಗ್ ಮಾಡಿದ ಹಗುರ ಒಡಲು. 1935ರಲ್ಲಿ ಬಿರುಗಾಳಿಗೆ ಸಿಕ್ಕಾಗ ಆ ಒಡಲೇ ಕೈಕೊಟ್ಟಿತು. ಆಮೇಲೆ ಬಲಪಡಿಸಲು ಎಷ್ಟೋ ತೂಕ ವಾಪಸ್ ಹಾಕಬೇಕಾಯಿತು.

ಹಾಗಾಗಿ ಜಗಳವಿರುವುದು ಯಂತ್ರಕ್ಕೂ ಕವಚಕ್ಕೂ ನಡುವೆ. ಇಲ್ಲಿ ಸ್ವಲ್ಪ ನಿಲ್ಲೋಣ.

ವೇಗದ ಲೆಕ್ಕಕ್ಕೆ ನಿಜವಾದ ಒಂದು ಹಡಗನ್ನು ಅಳತೆಗೋಲು ಮಾಡಿಕೊಳ್ಳಿ. ನನ್ನದು ಬ್ರಿಟನ್ನಿನ ಲಿಯಾಂಡರ್ ವರ್ಗ. ಸುಮಾರು 7,200 ಟನ್, 72,000 ಹಾರ್ಸ್‌ಪವರ್, 32.5 ನಾಟ್, 6 ಇಂಚಿನ ಎಂಟು ಫಿರಂಗಿ. ಆ ವರ್ಗದ ಅಕಿಲೀಸ್ 1948ರಲ್ಲಿ ನಮ್ಮ ನೌಕಾಪಡೆಗೆ ಬಂದು ಐಎನ್‌ಎಸ್ ಡೆಲ್ಲಿ ಆಯಿತು, ಅಂದರೆ ನಮಗೆ ತೀರಾ ಪರಕೀಯವೂ ಅಲ್ಲ. ಸೂತ್ರ ಸುಲಭ. ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ನಿಮ್ಮ ವೇಗವನ್ನು 32.5ರಿಂದ ಭಾಗಿಸಿ, ಬಂದದ್ದರ ಘನ ತೆಗೆಯಿರಿ (ಅದನ್ನು ಅದರಿಂದಲೇ ಎರಡು ಸಲ ಗುಣಿಸಿ), ಅದರಿಂದ ಮೂಲ ಶಕ್ತಿಯನ್ನು ಗುಣಿಸಿ. ನಮ್ಮ 7,000 ಟನ್ನಿನ ಹಡಗು ಸ್ವಲ್ಪ ಚಿಕ್ಕದಾದ್ದರಿಂದ 32.5 ನಾಟಿನಲ್ಲಿ ಸುಮಾರು 71,000 ಹಾರ್ಸ್‌ಪವರ್ ಬರುತ್ತದೆ. 31ಕ್ಕೆ 61,000. 36ಕ್ಕೆ 96,000. ಹುಡುಗನ 38ಕ್ಕೆ 113,000. ನಿಜದಲ್ಲಿ 35 ದಾಟಿದ ಮೇಲೆ ಇದಕ್ಕಿಂತಲೂ ಜಾಸ್ತಿ ಬೇಕು, ಸೂತ್ರ ಅಲ್ಲಿ ನಮ್ಮ ಮೇಲೆ ಕರುಣೆ ತೋರಿಸುತ್ತಿದೆ ಅಷ್ಟೇ.

ಆ ಕಾಲದ ಟರ್ಬೈನ್, ಬಾಯ್ಲರ್ ಎಲ್ಲ ಸೇರಿ ಒಂದು ಟನ್ನಿಗೆ ಸುಮಾರು 50 ಹಾರ್ಸ್‌ಪವರ್ ಅಂತ ಹಿಡಿಯಿರಿ. 32.5 ನಾಟಿಗೆ 1,420 ಟನ್ ಯಂತ್ರ. 36ಕ್ಕೆ 1,920. ಮೂರೂವರೆ ನಾಟಿಗೆ 500 ಟನ್! ಅದು ಎಲ್ಲಿಂದ ಬರಬೇಕು? ಕವಚದಿಂದ. 900 ಇದ್ದದ್ದು 400 ಆಯಿತು.

ಇಷ್ಟಕ್ಕೇ ಮುಗಿಯುವುದಿಲ್ಲ. ಹೆಚ್ಚಿನ ಯಂತ್ರಕ್ಕೆ ಹೆಚ್ಚಿನ ಜಾಗ ಬೇಕು. ಯಂತ್ರದ ಕೋಣೆ ಉದ್ದವಾದಷ್ಟೂ ಅದನ್ನು ಮುಚ್ಚುವ ಕವಚವೂ ಉದ್ದವಾಗಬೇಕು. ಅಂದರೆ ವೇಗಕ್ಕೆ ಎರಡು ಸಲ ಬಿಲ್ಲು: ಒಮ್ಮೆ ಯಂತ್ರಕ್ಕೆ, ಇನ್ನೊಮ್ಮೆ ಆ ಯಂತ್ರ ಮುಚ್ಚುವ ಉಕ್ಕಿಗೆ. ಹೊಸದಾಗಿ ಹಡಗು ಬಿಡಿಸುವವರು ಬಿಟ್ಟುಬಿಡುವುದು ಈ ಎರಡನೆಯ ಬಿಲ್ಲನ್ನೇ.

ಕವಚದ ತೂಕ ಲೆಕ್ಕ ಹಾಕಲು ಒಂದೇ ಸಂಖ್ಯೆ ಸಾಕು. ಒಂದು ಘನ ಮೀಟರ್ ಉಕ್ಕು 7.85 ಟನ್. ಯಂತ್ರದ ಭಾಗ 45 ಮೀಟರ್ ಉದ್ದ, ಬದಿಯ ಬೆಲ್ಟ್ (ಹಡಗಿನ ಪಕ್ಕದ ಕವಚದ ಪಟ್ಟಿ) 4 ಮೀಟರ್ ಎತ್ತರ, 75 ಮಿಲಿಮೀಟರ್ ದಪ್ಪ, ಎರಡೂ ಬದಿ ಸೇರಿ ಸುಮಾರು 212 ಟನ್. ಮೇಲಿನ ಡೆಕ್ 15 ಮೀಟರ್ ಅಗಲ, ಬರೀ 30 ಮಿಲಿಮೀಟರ್ ದಪ್ಪ, ಆದರೂ 159 ಟನ್ ನುಂಗುತ್ತದೆ. ಡೆಕ್ ತೆಳ್ಳಗೆ ಕಾಣುತ್ತದೆ, ಆದರೆ ವಿಸ್ತಾರ ದೊಡ್ಡದು. ಅದಕ್ಕೆ ಸುಮ್ನೆ ಹತ್ತು ಮಿಲಿಮೀಟರ್ ಸೇರಿಸುವ ಮೊದಲು ಕ್ಯಾಲ್ಕುಲೇಟರ್ ಒತ್ತಿ ನೋಡಿ.

ಮದ್ದುಗುಂಡಿನ ಎರಡು ಕೋಣೆಗಳಿಗೆ ಡಬ್ಬಿಯ ಹಾಗೆ ಸುತ್ತ ಕವಚ: ಸುಮಾರು 276 ಟನ್. ಇದರಲ್ಲಿ ಚೌಕಾಸಿ ಮಾಡಬೇಡಿ. ಯಂತ್ರಕ್ಕೆ ಗುಂಡು ಬಿದ್ದರೆ ಹಡಗು ನಿಲ್ಲುತ್ತದೆ, ಮದ್ದಿಗೆ ಬಿದ್ದರೆ ಹಡಗೇ ಇರುವುದಿಲ್ಲ. ಯಂತ್ರ ಭಾಗದ ಹಿಂದುಮುಂದಿನ ಗೋಡೆಗಳಿಗೆ 47, ಚುಕ್ಕಾಣಿ ಯಂತ್ರಕ್ಕೆ 50. ಒಟ್ಟು 744. ಕೈಯಲ್ಲಿ ಇನ್ನೂ 156 ಟನ್ ಉಳಿಯಿತು.

36 ನಾಟಿನ ಹಡಗಿಗೆ ಇದೇ ಲೆಕ್ಕ ಮಾಡಿ. 400 ಟನ್ನಿನಲ್ಲಿ ಮದ್ದಿನ ಡಬ್ಬಿಗೂ ಗೋಡೆಗಳಿಗೂ 323 ಹೋಯಿತು. ಉಳಿದ 77 ಟನ್ನಿನಲ್ಲಿ 60 ಮೀಟರ್ ಉದ್ದದ ಯಂತ್ರ ಭಾಗ ಮುಚ್ಚಬೇಕು. ಬೆಲ್ಟ್ 20 ಮಿಲಿಮೀಟರ್ ಬರುತ್ತದೆ. ಡೆಕ್ ಇಲ್ಲ. ಚುಕ್ಕಾಣಿಗೂ ಇಲ್ಲ.

"ಇಷ್ಟು ತೆಳ್ಳಗೆ ಯಾರಾದರೂ ಕಟ್ಟಿದ್ದಾರಾ ಚಿಕ್ಕಮ್ಮ?" ಅಂದ ಹುಡುಗ. ಕಟ್ಟಿದ್ದಾರೆ ಮಾರಾಯ. ಇಟಲಿಯ ಜುಸ್ಸಾನೋ ವರ್ಗ, ಬೆಲ್ಟ್ 24 ಮಿಲಿಮೀಟರ್. ಅವುಗಳಲ್ಲಿ ಒಂದು ಪರೀಕ್ಷಾ ಓಟದಲ್ಲಿ 42 ನಾಟ್ ಮುಟ್ಟಿತ್ತು. ಎಲ್ಲ ಫಿರಂಗಿ ಕೂರಿಸಿರಲಿಲ್ಲ, ಯಂತ್ರವನ್ನು ಮಿತಿ ಮೀರಿ ಓಡಿಸಿದ್ದರು. ಯುದ್ಧಕಾಲದ ಹೊರೆಯಲ್ಲಿ ಅದರ ಹತ್ತಿರವೂ ಬರಲಿಲ್ಲ. 1940ರ ಜುಲೈ 19ರಂದು ಕ್ರೀಟ್ ಹತ್ತಿರ ಅಂಥ ಎರಡು ಹಡಗುಗಳಿಗೆ ಆಸ್ಟ್ರೇಲಿಯಾದ ಸಿಡ್ನಿ ಸಿಕ್ಕಿತು. ಇದು ಎಂಡೆನ್ ಮುಗಿಸಿದ ಹಡಗಲ್ಲ, ಅದೇ ಹೆಸರಿನ ಹೊಸದು, ಲಿಯಾಂಡರಿನ ಸುಧಾರಿಸಿದ ರೂಪ. ಕಾಗದದ ಮೇಲೆ ಇಟಲಿಯವೇ ಎಷ್ಟೋ ವೇಗದವು. ಆದರೂ ಬಾರ್ತೊಲೊಮಿಯೊ ಕೊಲ್ಲಿಯೊನಿ ಏಟು ತಿಂದು ನಿಂತುಹೋಯಿತು, ಡಿಸ್ಟ್ರಾಯರುಗಳು ಟಾರ್ಪಿಡೊ ಹಾಕಿ ಮುಳುಗಿಸಿದವು. ನಿಂತ ಹಡಗಿನ ವೇಗ ಸೊನ್ನೆ, ಅಲ್ವಾ?

ಇನ್ನೊಂದು ಲೆಕ್ಕವೂ ಅವನಿಗೆ ತೋರಿಸಿದೆ. 32.5 ನಾಟ್ ಅಂದರೆ ಗಂಟೆಗೆ 60 ಕಿಲೋಮೀಟರ್, ಉಡುಪಿಯಿಂದ ಮಂಗಳೂರಿಗೆ ಒಂದು ಗಂಟೆಯ ಹಾದಿ. ಶತ್ರುವಿಗಿಂತ ನೀವು ಒಂದೂವರೆ ನಾಟ್ ಜಾಸ್ತಿ ಅಂತಿಟ್ಟುಕೊಳ್ಳಿ. ಅವನು 20 ಕಿಲೋಮೀಟರ್ ಮುಂದಿದ್ದಾನೆ. ಅವನನ್ನು ಮುಟ್ಟಲು ಏಳು ಗಂಟೆ ಬೇಕು. ಅಷ್ಟರಲ್ಲಿ ಕತ್ತಲಾಗುತ್ತದೆ, ಅಥವಾ ಮಳೆ ಹಿಡಿಯುತ್ತದೆ. ಸಣ್ಣ ವೇಗದ ಅಂತರ ಕೊಂಡು ಪ್ರಯೋಜನವಿಲ್ಲ. 28 ನಾಟಿನ ದೊಡ್ಡ ಹಡಗಿನಿಂದ ತಪ್ಪಿಸಿಕೊಳ್ಳಲು 32.5 ಧಾರಾಳ. ನಮ್ಮ ಕೆಲಸದ ವಾಕ್ಯ ಕೇಳಿದ್ದೂ ಅಷ್ಟೇ. ಜೂನ್ ತಿಂಗಳ ಕಡಲು ನೋಡಿದವರಿಗೆ ಬೇರೆ ಹೇಳಬೇಕಾಗಿಲ್ಲ: ತೆರೆ ಎದ್ದಾಗ ವೇಗ ಕೊಡುವುದು ಹಾರ್ಸ್‌ಪವರ್ ಅಲ್ಲ, ಉದ್ದದ ಒಡಲು ಮತ್ತು ಎತ್ತರದ ಮೂತಿ.

ಹಾಗಾದರೆ 31ಕ್ಕೆ ಇಳಿಸಬಹುದಲ್ಲ? ಇಳಿಸಬಹುದು. 200 ಟನ್ ಉಳಿಯುತ್ತದೆ. ಎದುರಾಳಿ ಕ್ರೂಸರುಗಳು ಹೆಚ್ಚಾಗಿ 32ರ ಮೇಲಿರುವ ಕಾಲದಲ್ಲಿ ನನಗೆ ಮನಸ್ಸಾಗಲಿಲ್ಲ. ನಿಮ್ಮ ದೇಶದ ಶತ್ರು ನಿಧಾನದವನಾಗಿದ್ದರೆ ಧೈರ್ಯವಾಗಿ ಇಳಿಸಿ.

ಈಗ ಆ 156 ಟನ್. ಮಾಮೂಲು ಬುದ್ಧಿ ಬೆಲ್ಟ್ ದಪ್ಪ ಮಾಡು ಎನ್ನುತ್ತದೆ. ನಾನು ಮೊದಲು ಯಂತ್ರದ ಜೋಡಣೆ ಬದಲಿಸಿದೆ. ಮೊದಲಿನ ಲಿಯಾಂಡರುಗಳಲ್ಲಿ ಬಾಯ್ಲರ್ ಎಲ್ಲ ಮುಂದೆ, ಟರ್ಬೈನ್ ಎಲ್ಲ ಹಿಂದೆ. ಒಂದು ಕೆಟ್ಟ ಏಟು ಬಾಯ್ಲರುಗಳ ಕಡೆ ಬಿದ್ದರೆ ಉಗಿಯೇ ಇಲ್ಲ. ಸಿಡ್ನಿಯಂಥ ಸುಧಾರಿತ ಹಡಗುಗಳಲ್ಲಿ ಬಾಯ್ಲರ್, ಟರ್ಬೈನ್, ಮತ್ತೆ ಬಾಯ್ಲರ್, ಮತ್ತೆ ಟರ್ಬೈನ್. ಅರ್ಧ ಹೋದರೂ ಇನ್ನರ್ಧ ಓಡುತ್ತದೆ. ಒಂದರ ಬದಲು ಎರಡು ಚಿಮಣಿ ಬಂದದ್ದೂ ಇದರಿಂದಲೇ. ಇದಕ್ಕೆ ಹತ್ತು ಮೀಟರ್ ಉದ್ದ ಜಾಸ್ತಿ ಬೇಕು ಅಂತ ಹಿಡಿದರೆ ಬೆಲ್ಟ್, ಡೆಕ್ ಸೇರಿ 82 ಟನ್. ಉಳಿದದ್ದು 74. ಬೆಲ್ಟನ್ನು 100 ಮಿಲಿಮೀಟರ್ ಮಾಡೋಣವೆಂದರೆ 86 ಬೇಕು, ಸಾಲುವುದಿಲ್ಲ. 95 ಮಾಡಿದರೆ 69. ಸರಿ, 95. ಹುಡುಗನಿಗೆ 95 ಅಂದವಾಗಿ ಕಾಣಲಿಲ್ಲ, 100 ಬೇಕಂತೆ. ತೂಕದ ಪಟ್ಟಿಯಲ್ಲಿ ಅಂದ ನೋಡುವುದಿಲ್ಲ.

ಹಣಕ್ಕೆ ನಾನು ಆಟದ ಅಂಕ ಇಟ್ಟಿದ್ದೇನೆ, ಇದು ಇತಿಹಾಸದ ದರ ಅಲ್ಲ. ಒಡಲು ಮತ್ತು ಸಾಮಾನು ಟನ್ನಿಗೆ 1, ಕವಚ 2, ಯಂತ್ರ 3, ಫಿರಂಗಿ 4. ನಮ್ಮ 32.5 ನಾಟಿನ ಹಡಗು 13,490 ಅಂಕ. ಅದೇ 7,000 ಟನ್ನಿನ 36 ನಾಟಿನ ಹಡಗು 13,990. ಕವಚ ಅರ್ಧಕ್ಕಿಂತ ಕಡಿಮೆ, ಬೆಲೆ ಜಾಸ್ತಿ! ಟನ್ ನೋಡಿ ಬೆಲೆ ಅಂದಾಜಿಸುವವರಿಗೆ ಇದು ಕಾಣುವುದೇ ಇಲ್ಲ. ಎಸ್ಟಿಮೇಟ್ ಬರೆಯುವವರು ಟನ್ನಿನ ಒಳಗೆ ಏನಿದೆ ಅಂತ ನೋಡುತ್ತಾರೆ.

ಕೊನೆಗೆ ಆ 100 ಟನ್ ಬಗ್ಗೆ. ಹುಡುಗ ಅದರಲ್ಲಿ ಇನ್ನೊಂದು ಫಿರಂಗಿ ಗೋಪುರ ಇಡಲು ನೋಡುತ್ತಾನೆ. ಬಿಡಬೇಡಿ. ವಿಮಾನ ಹೊಡೆಯುವ ಸಣ್ಣ ಫಿರಂಗಿಗಳು, ಆಮೇಲೆ ರಾಡಾರ್, ಎಲ್ಲ ಬರುವುದು ಹಡಗು ಕಟ್ಟಿದ ಮೇಲೆ, ಅದೂ ಎತ್ತರದಲ್ಲೇ ಕೂರುತ್ತವೆ. ಬ್ರಿಟನ್ನಿನ ನೈಜೀರಿಯಾ ಎಂಬ ಕ್ರೂಸರ್ 1957ರಲ್ಲಿ ಐಎನ್‌ಎಸ್ ಮೈಸೂರು ಆಗಿ ನಮಗೆ ಬಂತು. ಆ ವರ್ಗ ಹುಟ್ಟಿದ್ದು 12 ಫಿರಂಗಿಯೊಂದಿಗೆ. ಮೈಸೂರಿನಲ್ಲಿ ಇದ್ದದ್ದು ಒಂಬತ್ತು. ಅದರ ಜೊತೆಯ ಹಲವು ಹಡಗುಗಳಲ್ಲೂ ಹೊಸ ತೂಕಕ್ಕೆ ಜಾಗ ಮಾಡಲು ಒಂದು ಗೋಪುರವನ್ನೇ ಇಳಿಸಿದ್ದರು.

ನಮ್ಮ ಹಡಗಿಗೆ 'ಸ್ವರ್ಣಾ' ಅಂತ ಹೆಸರಿಟ್ಟಾಗಿದೆ. ಉಳಿದ ಮೂರಕ್ಕೆ ಸೀತಾ, ಗುರುಪುರ, ನೇತ್ರಾವತಿ. ಹುಡುಗ ಈಗ 5,600 ಟನ್ನಿನ ಐದು ಹಡಗಿನ ಲೆಕ್ಕಕ್ಕೆ ಕೂತಿದ್ದಾನೆ, ಆರು ಫಿರಂಗಿ, 32 ನಾಟ್. ಕೆಲಸದ ವಾಕ್ಯವನ್ನು ಮೊದಲು ಬರೆದಿದ್ದಾನೆ. ಐದನೆಯದಕ್ಕೆ ಯಾವ ನದಿ ಅಂತ ಇನ್ನೂ ತೀರ್ಮಾನವಾಗಿಲ್ಲ.