ಹಿಡಿಯಕ್ಕಿ, ನೀಲಿ ಡ್ರಮ್ಮು ಮತ್ತು ನಮ್ಮ ಸಭೆಯ ಲಾಕ್‌ಡೌನ್ ಲೆಕ್ಕ

"ಕೊಟ್ಟ ಚೀಲ ಒಂದೂ ವಾಪಸ್ ಬರುವುದಿಲ್ಲ, ಬೇಕಾದರೆ ಬರೆದಿಟ್ಟುಕೊಳ್ಳಿ" ಅಂತ ನಮ್ಮ ಕಮಿಟಿಯ ಹಿರಿಯರೊಬ್ಬರು ಹೇಳಿದ್ದರು. ಲಾಕ್‌ಡೌನಿನಲ್ಲಿ ನಮ್ಮ ಚರ್ಚಿನ ಸಭೆಯ ಎಲ್ಲ ಮನೆಗೂ ಅಕ್ಕಿ ಚೀಲ ಹಂಚಿ, ಬೇಡದವರು ವಾಪಸ್ ಕೊಡುವ ಕ್ರಮ ಮಾಡೋಣ ಅಂತ ನಾನು ಹೇಳಿದಾಗಿನ ಮಾತು. ನಾನು ನಿಜವಾಗಿಯೂ ಬರೆದಿಟ್ಟುಕೊಂಡಿದ್ದೆ. ಒಂಬತ್ತು ಜನರ ಕಮಿಟಿಯಲ್ಲಿ ನನ್ನ ಪರ ಇದ್ದದ್ದು ಸಭಾಪಾಲಕರು (ನಮ್ಮ ಪಾದ್ರಿಗಳು) ಮಾತ್ರ. ಅವರೂ ಮನಸ್ಸಿಲ್ಲದ ಮನಸ್ಸಿನಿಂದ. ಈಗ ಬೇರೆ ಮೂರು ಸಭೆಯವರು ಫೋನ್ ಮಾಡಿ "ನಿಮ್ಮ ಚೀಲದ ಕ್ರಮ ಹೇಗೆ ಮಾರಾಯ್ರೆ" ಅಂತ ಕೇಳಿದ್ದಾರೆ. ಪ್ರತಿ ಸಲ ಫೋನಿನಲ್ಲಿ ಹೇಳಿ ಬಾಯಿ ನೋಯುತ್ತದೆ, ಹಾಗಾಗಿ ಬರೆಯುತ್ತಿದ್ದೇನೆ.

ನಮ್ಮದು ಉಡುಪಿ ಜಿಲ್ಲೆಯ ಸಣ್ಣ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. 62 ಮನೆ. ನಾನು ಆಗ ಖಜಾಂಚಿ. ಲೆಕ್ಕದ ಪುಸ್ತಕ ಈಗಿನ ಖಜಾಂಚಿಯ ಹತ್ತಿರ ಇದೆ, ಇಲ್ಲಿ ಬರೆಯುವ ಅಂಕಿಗಳೆಲ್ಲ ನೆನಪಿನವು. ನೂರಿನ್ನೂರು ಆಚೀಚೆ ಇರಬಹುದು.

2020ರ ಮಾರ್ಚ್ 22, ಜನತಾ ಕರ್ಫ್ಯೂ ಬಿದ್ದದ್ದು ಭಾನುವಾರವೇ. ಆವತ್ತು ಆರಾಧನೆ ನಿಂತದ್ದು ಒಂದು ವಾರದ ಮಟ್ಟಿಗೆ ಅಂದುಕೊಂಡಿದ್ದೆವು. 25ರಿಂದ ದೇಶವೇ ಬಂದ್. ಏಪ್ರಿಲ್ 10ಕ್ಕೆ ಶುಭ ಶುಕ್ರವಾರ, 12ಕ್ಕೆ ಈಸ್ಟರ್, ಎರಡೂ ಬೀಗ ಹಾಕಿದ ಬಾಗಿಲ ಹಿಂದೆ ಹೋದವು. ಆದರೆ ಮೊದಲ ಪೆಟ್ಟು ಬಿದ್ದದ್ದು ಬೀಡಿಗೆ. ನಮ್ಮಲ್ಲಿ ಹದಿನೈದು ಹದಿನಾರು ಮನೆಗಳ ಒಲೆ ಉರಿಯುವುದೇ ಹೆಂಗಸರು ಕಟ್ಟುವ ಬೀಡಿಯಿಂದ. ಬೀಡಿ ಕಂಪನಿಯ ಬ್ರಾಂಚಿನಲ್ಲಿ ಎಲೆ, ಹೊಗೆಸೊಪ್ಪು ಕೊಡುವುದು ನಿಂತಿತು, ವಾರದ ದುಡ್ಡು ನಿಂತಿತು. ಗಲ್ಫಿನಲ್ಲಿ ಮಗ ಇದ್ದಾನೆ ಅಂತ ನಾವು 'ಗಟ್ಟಿ ಮನೆ' ಎಂದು ಲೆಕ್ಕ ಹಾಕಿದ್ದ ಮನೆಗಳಿಗೂ ಏಪ್ರಿಲ್‌ನಲ್ಲಿ ದುಡ್ಡು ಬರಲಿಲ್ಲ. ಇದು ನಮಗೆ ಗೊತ್ತಾದದ್ದು ಬಹಳ ತಡವಾಗಿ. ಯಾಕೆ ತಡವಾಯಿತು ಅಂದರೆ ನಮ್ಮ ದಡ್ಡತನದಿಂದ.

ಮೊದಲು ನಾವೂ ಎಲ್ಲರಂತೆ ಕಿಟ್ ಮಾಡಿದೆವು. ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ, ಚಾಹುಡಿ. ಕಿಟ್ಟಿಗೆ ಸುಮಾರು 650 ರೂಪಾಯಿ, ಮೂವತ್ತು ಕಿಟ್, ಹತ್ತೊಂಬತ್ತು ಸಾವಿರದ ಐನೂರು ಒಂದೇ ಏಟಿಗೆ ಹೋಯಿತು. ಆ ದುಡ್ಡು ಸುಗ್ಗಿ ಹಬ್ಬದ ಏಲಂನಲ್ಲಿ ಬಂದದ್ದು, ಗೋಡೆಗೆ ಸುಣ್ಣಬಣ್ಣಕ್ಕೆಂದು ತೆಗೆದಿಟ್ಟದ್ದು. ಖರ್ಚಾದದ್ದಕ್ಕೆ ಬೇಸರವಿಲ್ಲ. ಆದರೆ ಒಬ್ಬ ಹುಡುಗ ಉಮೇದಿನಲ್ಲಿ ಯಾರ್ಯಾರಿಗೆ ಕಿಟ್ ಕೊಡುವುದು ಅಂತ ಪಟ್ಟಿ ಮಾಡಿ ವಾಟ್ಸ್ಯಾಪ್ ಗ್ರೂಪಿಗೆ ಹಾಕಿಬಿಟ್ಟ, ಜೊತೆಗೆ ಎರಡು ಫೋಟೋ. ಮರುದಿನ ಬೆಳಿಗ್ಗೆ ಚರ್ಚಿನ ಮೆಟ್ಟಿಲ ಮೇಲೆ ನಾಲ್ಕು ಕಿಟ್ ವಾಪಸ್ ಬಂದು ಕುಳಿತಿದ್ದವು. ಒಂದರ ಮೇಲೆ ಚೀಟಿ ಇತ್ತು: "ನಮಗಿಂತ ಕಷ್ಟದವರಿಗೆ ಕೊಡಿ." ಆ ಚೀಟಿ ಬರೆದ ಅಕ್ಕನ ಮನೆಯಲ್ಲಿ ಅಕ್ಕಿ ಮುಗಿದು ಎರಡು ದಿನವಾಗಿತ್ತು ಅಂತ ಪಕ್ಕದ ಬ್ಯಾರಿ (ಕರಾವಳಿಯ ಮುಸ್ಲಿಂ) ಮನೆಯವರು ಆಮೇಲೆ ಹೇಳಿದರು. ಅಷ್ಟು ದಿನ ಗಂಜಿ ಹೋಗುತ್ತಿದ್ದದ್ದು ಅವರ ಮನೆಯಿಂದ.

ಸಭಾಪಾಲಕರು ಸತ್ಯವೇದದ (ಬೈಬಲಿನ) ಮತ್ತಾಯನ ಆರನೇ ಅಧ್ಯಾಯ ತೆಗೆದು, ಬಲಗೈ ಮಾಡಿದ್ದು ಎಡಗೈಗೆ ಗೊತ್ತಾಗಬಾರದು ಅಂತಿದೆಯಲ್ಲ ಅಂದರು. ಗೊತ್ತಾಗಬಾರದು ಸರಿ. ಗೊತ್ತಾಗದ ಹಾಗೆ ಮಾಡುವುದು ಹೇಗೆ ಅಂತ ಯಾರೂ ಹೇಳುವುದಿಲ್ಲ.

ನನಗೆ ನೆನಪಾದದ್ದು ಅಜ್ಜಿಯ ಡಬ್ಬ. ನಿಮಗೆಲ್ಲ ಹಿಡಿಯಕ್ಕಿ ಗೊತ್ತಿರುತ್ತದೆ: ಅನ್ನಕ್ಕಿಡುವ ಮೊದಲು ಒಂದು ಹಿಡಿ ಬೇರೆ ಡಬ್ಬಕ್ಕೆ, ತಿಂಗಳಿಗೊಮ್ಮೆ ಸ್ತ್ರೀಯರ ಕೂಟದವರು ಬಂದು ಒಯ್ಯುವುದು. ನಮ್ಮ ಸಭೆಯಲ್ಲಿ ಅದು ನಿಂತು ಇಪ್ಪತ್ತೈದು ವರ್ಷವಾಗಿರಬೇಕು. ಅದನ್ನೇ ಎಬ್ಬಿಸಿದೆವು, ಆದರೆ ತಿರುಗಾಮುರುಗಾ. ಸಂಗ್ರಹ ಮಾಡಿ ಹಂಚುವ ಬದಲು ಮೊದಲೇ ಎಲ್ಲರಿಗೂ ಹಂಚುವುದು. 62 ಮನೆಗೂ ಮೂರು ಕಿಲೋ ಅಕ್ಕಿಯ ಒಂದೊಂದು ಚೀಲ. ಸಭಾಪಾಲಕರಿಗೂ, ಕಾಲೇಜು ಮೇಷ್ಟ್ರಿಗೂ, ಬೀಡಿ ಕಟ್ಟುವವರಿಗೂ. ಬೇಡದವರು ಮುಂದಿನ ಶನಿವಾರ ಆ ಚೀಲಕ್ಕೆ ತಮ್ಮ ವಾರದ ಹಿಡಿಯಕ್ಕಿ ಸೇರಿಸಿ ಕಟ್ಟಿ ಕೊಡಬೇಕು. ಬೇಕಾದವರು ಅಕ್ಕಿ ಇಟ್ಟುಕೊಂಡು ಖಾಲಿ ಚೀಲ ಮಡಚಿ ಕೊಡಬೇಕು. ಚೀಲಕ್ಕೆ ನಂಬರಿಲ್ಲ, ಹೆಸರಿಲ್ಲ, ಎಲ್ಲ ಒಂದೇ ಬಟ್ಟೆ. ಬಿಚ್ಚಿ ತುಂಬಿಸುವವರು ವೆಸ್ಟ್ರಿಯಲ್ಲಿ, ಅಂದರೆ ಚರ್ಚಿಗೆ ಸೇರಿದ ಕೋಣೆಯಲ್ಲಿ, ಇಬ್ಬರೇ.

ಮೊದಲ ಬಂಡವಾಳ 186 ಕಿಲೋ. ಕುಚ್ಚಲಕ್ಕಿ ಆಗ ಕಿಲೋಗೆ ನಲವತ್ತರ ಆಸುಪಾಸು, ಒಟ್ಟು ಏಳೂವರೆ ಸಾವಿರ ಚಿಲ್ಲರೆ. ಚೀಲ ಮನೆಗೆ ಎರಡು ಬೇಕು, ಒಂದು ಬರುವಾಗ ಇನ್ನೊಂದು ಹೋಗಲು. ಬಟ್ಟೆಗೆ ಎರಡು ಸಾವಿರದ ಇನ್ನೂರೋ ಏನೋ ಆಯಿತು. ಹೊಲಿದದ್ದು ಸ್ತ್ರೀಯರ ಕೂಟ, ಪುಕ್ಕಟೆ. ಅದೇ ಕೂಟ ಅದಕ್ಕೂ ಮೊದಲು ಹಳೆ ಪರದೆಯ ಬಟ್ಟೆಯಲ್ಲಿ ನೂರು ಮಾಸ್ಕ್ ಹೊಲಿದಿತ್ತು. ಹಾಕಿಕೊಂಡರೆ ಉಸಿರೇ ಬಾರದಷ್ಟು ದಪ್ಪ. ಬಾಸೆಲ್ ಮಿಷನಿನ (ಸ್ವಿಟ್ಜರ್ಲೆಂಡಿನ ಪಾದ್ರಿಗಳ ಸಂಸ್ಥೆ) ನೇಯ್ಗೆ ಕಾರ್ಖಾನೆಯಲ್ಲಿ ದುಡಿದವರ ಮೊಮ್ಮಕ್ಕಳು ನಾವು, ನಮಗೆ ಬಟ್ಟೆಯ ಬಗ್ಗೆ ಪಾಠ ಬೇಡ ಅಂತ ಆಗ ನನ್ನ ಮಾತು ಕೇಳಿರಲಿಲ್ಲ. ಈ ಸಲ ಕೇಳಿದರು.

ಮೊದಲ ಶನಿವಾರ ಹುಡುಗರು ಮನೆಮನೆಗೆ ಹೋಗಿ ಚೀಲ ತಂದರು. ಅಂಗಡಿ ತೆರೆದಿರುವ ಏಳರಿಂದ ಹನ್ನೊಂದರ ಒಳಗೆ ಎಲ್ಲ ಮುಗಿಸಬೇಕು. ತಪ್ಪು ಅಲ್ಲೇ ಆಯಿತು. ಕೈಗೆ ತೆಗೆದುಕೊಂಡ ಕೂಡಲೇ ಭಾರ ಗೊತ್ತಾಗುತ್ತದಲ್ಲ! ಎರಡನೇ ವಾರಕ್ಕೆ ಹುಡುಗರಿಗೆ ಎಲ್ಲರ ಮನೆ ಗುಟ್ಟೂ ಗೊತ್ತು. ಆ ವಾರ ಖಾಲಿ ಬಂದದ್ದು ಐದೇ ಚೀಲ, ಬೀಡಿಯವರು ಮಾತ್ರವೇ ಹದಿನೈದು ಮನೆ ಇರುವಾಗ. ಅಂದರೆ ಜನ ಹೊಟ್ಟೆಗೆ ತಿನ್ನದೆ ಅಕ್ಕಿಯನ್ನು ಹಾಗೇ ವಾಪಸ್ ಮಾಡಿದ್ದರು.

ಆಗ ಬಂತು ನೀಲಿ ಡ್ರಮ್ಮು. ಗೂಡ್ಸ್ ರಿಕ್ಷಾದ ಹಿಂದೆ ನೀರು ತುಂಬಿಸುವ ಎರಡು ದೊಡ್ಡ ಡ್ರಮ್ ಕಟ್ಟಿ, ಮನೆಯವರೇ ಬಂದು ಚೀಲ ಒಳಗೆ ಹಾಕುವುದು. ಚಾಲಕ ತಿರುಗಿ ನೋಡುವಂತಿಲ್ಲ. ಅದೂ ಒಂದು ವಾರ ಕೆಟ್ಟಿತು. ಎಂಬತ್ತು ದಾಟಿದ ಅಜ್ಜಿಯೊಬ್ಬರು ನನಗೆ ಫೋನ್ ಮಾಡಿ, "ಮಗಾ, ತುಂಬಿದ ಚೀಲ ಬಿದ್ದರೆ ದಡ್ ಅಂತದೆ, ನನ್ನದು ಬಿದ್ದರೆ ಸದ್ದೇ ಇಲ್ಲ. ರಿಕ್ಷಾದವನಿಗೆ ಕಿವಿ ಇಲ್ಲವಾ?" ಅಂದರು. ಅಜ್ಜಿಯ ಮಾತಿನಿಂದಲೇ ಅವರ ಚೀಲ ಖಾಲಿ ಅಂತ ನನಗೆ ಗೊತ್ತಾಯಿತು. ಡ್ರಮ್ಮಿನ ತಳಕ್ಕೆ ಹಳೆ ಕಂಬಳಿ ನಾಲ್ಕು ಮಡಿಕೆ ಮಾಡಿ ಹಾಸಿದೆವು, ರಿಕ್ಷಾದವನಿಗೆ ಇಂಜಿನ್ ಆಫ್ ಮಾಡಬೇಡ ಅಂದೆವು. ಮರುವಾರ ಖಾಲಿ ಚೀಲ ಹತ್ತೊಂಬತ್ತು. ನನಗೆ ಅಷ್ಟು ಸಂತೋಷವಾದ ಲೆಕ್ಕ ಬೇರೆ ಇಲ್ಲ. ಕಮಿಟಿಯ ಹಿರಿಯರಿಗೆ "ನೋಡಿ, 19 ಖಾಲಿ!" ಅಂತ ಹೇಳಿದರೆ ಅವರು ನಷ್ಟವಾಯಿತು ಅಂತ ತಿಳಿದರು.

ನಷ್ಟ ಎಷ್ಟು ಅಂತ ಹೇಳುತ್ತೇನೆ. ಹತ್ತೊಂಬತ್ತು ಚೀಲಕ್ಕೆ 57 ಕಿಲೋ ಹೊರಗೆ. ಉಳಿದ ಮನೆಗಳ ಹಿಡಿಯಕ್ಕಿ ಇಪ್ಪತ್ತೈದು ಕಿಲೋ ಒಳಗೆ. ಕೊರತೆ ಮೂವತ್ತು ಚಿಲ್ಲರೆ ಕಿಲೋ, ವಾರಕ್ಕೆ ಸಾವಿರದ ಇನ್ನೂರು ಮುನ್ನೂರು ರೂಪಾಯಿ. ಒಂದು ಸಲದ ಕಿಟ್ಟಿಗೆ ಹೋದ ದುಡ್ಡಿನಲ್ಲಿ ಮೂರೂವರೆ ತಿಂಗಳು ನಡೆಸಬಹುದು. ನಡೆಸುವ ಪ್ರಮೇಯವೂ ಬರಲಿಲ್ಲ. ಮೇ ತಿಂಗಳ ನಡುವಿನಲ್ಲಿ ಕೆಲವು ಚೀಲ ಐದು ಕಿಲೋ ಆಗಿ ಬರತೊಡಗಿದವು. ಒಳಗೆ ಬೆಲ್ಲದ ಅಚ್ಚು, ಒಣಮೀನಿನ ಪೊಟ್ಟಣ (ಒಂದು ವಾರ ಅಕ್ಕಿಯೆಲ್ಲ ಮೀನು ವಾಸನೆ, ಆಮೇಲೆ ಮೀನಿಗೆ ಬೇರೆ ಡಬ್ಬ), ಒಮ್ಮೆ ಐನೂರರ ನಾಲ್ಕು ನೋಟು. ಜೂನ್‌ನಲ್ಲಿ ಮೂರು ವಾರ ಒಂದು ಕಾಳೂ ಕೊಳ್ಳಲಿಲ್ಲ.

ಅಕ್ಕಿ ಬೆರಕೆಯ ವಿಷಯ ಹೇಳದಿದ್ದರೆ ನೀವೂ ಅದೇ ಹೊಂಡಕ್ಕೆ ಬೀಳುತ್ತೀರಿ. ಏಪ್ರಿಲ್‌ನಿಂದ ರೇಷನ್ನಿನಲ್ಲಿ ತಲೆಗೆ ಐದು ಕಿಲೋ ಪುಕ್ಕಟೆ ಬಂದದ್ದು ಬೆಳ್ತಿಗೆ, ಅಂದರೆ ಬಿಳಿ ಅಕ್ಕಿ. ನಮ್ಮ ಕಡೆಯವರಿಗೆ ಗಂಜಿಗೆ ಅದು ಸೇರುವುದಿಲ್ಲ, ಹಾಗಾಗಿ ಹಿಡಿಯಕ್ಕಿಯ ಡಬ್ಬಕ್ಕೆ ಅದನ್ನೇ ಹಾಕಿದರು. ಕುಚ್ಚಲು, ಬೆಳ್ತಿಗೆ, ಸೋನಾ ಮಸೂರಿ ಎಲ್ಲ ಒಂದೇ ಗೋಣಿಗೆ ಸುರಿದು, ಅದರಲ್ಲೇ ಒಂದು ದಿನ ಕಟ್ಟಡ ಕೆಲಸಕ್ಕೆ ಬಂದು ಸಿಕ್ಕಿಬಿದ್ದಿದ್ದ ಬಾಗಲಕೋಟೆ ಕಡೆಯವರಿಗೆ ಗಂಜಿ ಬೇಯಿಸಿದೆವು. ಬೆಳ್ತಿಗೆ ಕರಗಿ ಅಂಟಾಯಿತು, ಕುಚ್ಚಲು ಹಲ್ಲಿಗೆ ಕಲ್ಲಿನ ಹಾಗೆ. ಒಬ್ಬ ಬಟ್ಟಲು ಹಿಡಿದುಕೊಂಡು ಬಹಳ ಮರ್ಯಾದೆಯಿಂದ, "ಅಣ್ಣಾರ, ಅರ್ಧ ಬೆಂದೈತಿ, ಅರ್ಧ ಹಂಗಾ ಐತ್ರಿ" ಅಂದ. ಅವರಿಗೆ ಬೇಕಾದದ್ದು ಜೋಳದ ಹಿಟ್ಟು. ಅದಕ್ಕೆ ಉಡುಪಿಯೆಲ್ಲ ಅಲೆದು ಹತ್ತು ಕಿಲೋ ತಂದು ಕೊಟ್ಟದ್ದು ಬೇರೆಯೇ ಕಥೆ. ರೊಟ್ಟಿ ಬಡಿಯುವುದನ್ನು ನಮ್ಮ ಹೆಂಗಸರು ಗಂಟೆಗಟ್ಟಲೆ ದೂರದಿಂದ ನಿಂತು ನೋಡಿದರು. ಆಮೇಲಿಂದ ಬೆಳ್ತಿಗೆಗೆ ಪ್ರತ್ಯೇಕ ಗಂಟು, ಕೆಂಪು ನೂಲು. ಅದು ನೀರುದೋಸೆಗೆ.

ಆರಾಧನೆಯ ಕಡೆ ನನ್ನ ಪ್ರಯೋಗಗಳು ಹೆಚ್ಚಿನವು ಮಣ್ಣುಪಾಲು. ಪುಕ್ಕಟೆ ಜೂಮ್ ನಲವತ್ತು ನಿಮಿಷಕ್ಕೆ ಕಡಿದುಹೋಗುತ್ತದೆ, ಸರಿಯಾಗಿ ಆಶೀರ್ವಾದದ ಹೊತ್ತಿಗೆ. ಸಂಗೀತ (ಆರಾಧನೆಯ ಹಾಡು) ಹಾಡಿಸಲು ಹೋದರೆ ಒಬ್ಬೊಬ್ಬರದು ಒಂದೊಂದು ಸಾಲಿನಲ್ಲಿ. ಯಾರದೋ ಮನೆಯ ಕುಕ್ಕರ್ ಮೂರು ಸೀಟಿ ಹಾಕಿತು, ಎಲ್ಲರಿಗೂ ಹಸಿವಾಯಿತು. ಯೂಟ್ಯೂಬಿಗೆ ಹಾಕಿದರೆ ನೋಡಿದವರು ನೂರಿಪ್ಪತ್ತು ಅಂತ ತೋರಿಸುತ್ತದೆ, ಅರ್ಧ ಜನ ಅಮೆರಿಕದಲ್ಲಿರುವ ಮಕ್ಕಳು. ಕೊನೆಗೆ ನಿಂತದ್ದು ಗಂಟೆ. ಭಾನುವಾರ ಎಂಟೂವರೆಗೆ ಗಂಟೆ ಹೊಡೆಯುವುದು, ಶನಿವಾರದ ಚೀಲದಲ್ಲಿ ಚೀಟಿ ಇರುತ್ತದೆ: ಸಂಗೀತದ ನಂಬರು, ಸತ್ಯವೇದದ ಪಾಠ, ಮೂರು ಪ್ರಾರ್ಥನೆಯ ವಿಷಯ. ಅವರವರ ಜಗಲಿಯಲ್ಲಿ ನಿಂತು ಹಾಡುವುದು. ನಮ್ಮ ಕೆಳಗಿನ ಕೇರಿಯಲ್ಲಿ ಮನೆಗಳು ಹತ್ತಿರ ಹತ್ತಿರ, ಅಲ್ಲಿ ಆರು ಮನೆಯ ಹಾಡು ಒಂದಾಗಿ ಗುಡ್ಡೆ ಮೇಲೆ ನಮಗೆ ಕೇಳುತ್ತಿತ್ತು. ಕರ್ತನ ಭೋಜನವನ್ನು (ರೊಟ್ಟಿ, ದ್ರಾಕ್ಷಾರಸ ಹಂಚುವ ಸಂಸ್ಕಾರ) ಮಾತ್ರ ಸಭಾಪಾಲಕರು ಮೊಬೈಲಿನಲ್ಲಿ ಮಾಡಲು ಒಪ್ಪಲಿಲ್ಲ. ಜೂನ್ 8ರಿಂದ ಚರ್ಚು ತೆರೆಯಬಹುದು ಅಂತಾದರೂ ನಾವು ಇನ್ನೂ ಎರಡು ವಾರ ತಡೆದೇ ತೆರೆದದ್ದು.

ಒಂದು ವಿಷಯ ಬರೆಯುವುದಿಲ್ಲ. ಕಷ್ಟದಲ್ಲಿದ್ದೂ ಅಕ್ಕಿ ವಾಪಸ್ ಮಾಡುವ ಮನೆ ಯಾವುದು ಅಂತ ವೆಸ್ಟ್ರಿಯ ಇಬ್ಬರು ಹೆಂಗಸರಿಗೆ ಗೊತ್ತಾಗುವುದು ಹೇಗೆ ಅನ್ನುವುದು. ಚೀಲಕ್ಕೆ ಗುರುತಿಲ್ಲ, ಆದರೂ ಗೊತ್ತಾಗುತ್ತದೆ. ಬರೆದರೆ ನಮ್ಮ ಸಭೆಯವರೂ ಓದುತ್ತಾರೆ, ಮರುವಾರವೇ ಜಾಗ್ರತೆ ಮಾಡುತ್ತಾರೆ. ಹುಳ ಹಿಡಿಯದಂತೆ ಏನು ಹಾಕುತ್ತೇವೆ ಅನ್ನುವುದೂ ಅವರದೇ ಗುಟ್ಟು, ಬೇವಿನ ಎಲೆ ಅಂತ ಊಹಿಸಿದರೆ ಅರ್ಧ ಸರಿ.

2021ರ ಏಪ್ರಿಲ್ 27ರ ರಾತ್ರಿಯಿಂದ ಮತ್ತೆ ಬಂದ್ ಆದಾಗ ಚೀಲಗಳು ಸಿದ್ಧ ಇದ್ದವು. ಕಮಿಟಿಯಲ್ಲಿ ಚರ್ಚೆಯೇ ಆಗಲಿಲ್ಲ. ಆ ಸಲ ಅಕ್ಕಿಗಿಂತ ಹೆಚ್ಚು ತಿರುಗಿದ್ದು ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್. ಎರಡು ಕೊಂಡೆವು, ಒಂದೊಂದಕ್ಕೆ ಎರಡು ಸಾವಿರದ ಹತ್ತಿರ ಕಿತ್ತುಕೊಂಡರು. ಕೇಳಿದ ಮನೆಗೆ ಅದೂ ಅಕ್ಕಿ ಚೀಲದಲ್ಲೇ ಹೋಗುವುದು, ನೆರೆಹೊರೆಗೆ ತಿಳಿಯದ ಹಾಗೆ. ಜೊತೆಗೆ ಚೀಟಿ: 94ಕ್ಕಿಂತ ಕೆಳಗಿಳಿದರೆ ಯಾರನ್ನೂ ಕೇಳದೆ ಈ ನಂಬರಿಗೆ ಫೋನ್ ಮಾಡಿ. ಮೇ ಎರಡನೇ ವಾರ ಅದು ನಮ್ಮ ಮನೆಗೇ ಬಂತು. ನಾನು, ಹೆಂಡತಿ, ಮಗಳು ಮೂವರೂ ಮಲಗಿದ್ದೆವು. ಶನಿವಾರ ಹೆಂಡತಿ ಜ್ವರದಲ್ಲೇ ಎದ್ದು ಚೀಲ ಮಡಚುತ್ತಿದ್ದಳು. "ಖಾಲಿ ಕೊಡುವುದಾ? ಖಜಾಂಚಿಯ ಮನೆಯದು," ಅಂದೆ. ಅವಳು ಏನೂ ಹೇಳಲಿಲ್ಲ. ಗೇಟಿನ ಬಳಿಯ ಕಲ್ಲಿನ ಮೇಲೆ ಇಟ್ಟು, ರಿಕ್ಷಾದವನಿಗೆ ಕೋಲಿನಿಂದ ಎತ್ತಿ ಹಾಕಲು ಸನ್ನೆ ಮಾಡಿ ಒಳಗೆ ಬಂದಳು. ನಾನು ಮಲಗಿದಲ್ಲಿಂದಲೇ ಕಿವಿಗೊಟ್ಟೆ. ಇಂಜಿನ್ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ.

ಹೊಸದಾಗಿ ಮಾಡುವವರಿಗೆ ಒಂದೇ ಮಾತು: ಚೀಲದ ಮೇಲೆ ಸಭೆಯ ಹೆಸರು ಹಾಕಿಸಬೇಡಿ. ನಾನು ಮೊದಲ ಹನ್ನೆರಡಕ್ಕೆ ಮುನ್ನೂರು ರೂಪಾಯಿ ಕೊಟ್ಟು ಅಚ್ಚು ಹಾಕಿಸಿದ್ದೆ. ವೆಸ್ಟ್ರಿಯ ಹೆಂಗಸರು ಒಂದನ್ನೂ ಒಳಗೆ ಸೇರಿಸಲಿಲ್ಲ. ಹನ್ನೆರಡೂ ನಮ್ಮ ಮನೆಯ ಅಟ್ಟದಲ್ಲಿವೆ, ತೆಂಗಿನಕಾಯಿ ತುಂಬಿಸಿಡಲು ಒಳ್ಳೆಯದಾಗುತ್ತದೆ.